ವಸಂತಕ್ಕೆ ಮುಂಚೆ ಒಂದು ದಿನದ ತೋಟ ಕಲಿಕೆ: ಏನ್ ಹೇಳ್ಕೊಡೋಣ, ಏನ್ ಕೈಬಿಡೋಣ?

ಹಸಿರುಗೈ
ಎಲ್ರಿಗೂ ನಮಸ್ಕಾರ. ನಮ್ಮ ಸಮುದಾಯ ತೋಟದಲ್ಲಿ ಈ ಸಲ ಚಳಿ ಮುಗಿಯೋಕ್ ಮುಂಚೆನೇ ಒಂದು ಶನಿವಾರ ಪೂರ್ತಿ ಕಲಿಕೆ ದಿನ ಅಂತ ಇಟ್ಕೊಂಡಿದೀವಿ, ಹೊಸದಾಗಿ ಮಡಿ ತಗೊಂಡಿರೋರು ವಸಂತ ಬಂದಾಗ ಏನ್ ಮಾಡ್ಬೇಕು ಅಂತ ಗೊತ್ತಾಗ್ದೆ ನಿಂತ್ಕೋಬಾರ್ದು ಅನ್ನೋದು ಉದ್ದೇಶ. ಬರೋರಲ್ಲಿ ಅರ್ಧ ಜನ ಇದುವರೆಗೂ ಸಲಿಕೆ ಹಿಡಿದಿರಲ್ಲ. ಕಮಿಟಿಯವ್ರು ಪಟ್ಟಿ ಮಾಡಿದಾರೆ: ಮಣ್ಣು, ಕಾಂಪೋಸ್ಟು, ಬೀಜ, ಸಸಿ, ಪ್ರೂನಿಂಗು, ಹನಿ ನೀರಾವರಿ, ಕೀಟ, ಜೇನು, ಮಳೆನೀರು, ಮಲ್ಚಿಂಗು, ಇನ್ನೂ ಏನೇನೋ. ಒಂದೊಂದಕ್ಕೂ ಅರ್ಧರ್ಧ ಗಂಟೆ, ಪ್ರೊಜೆಕ್ಟರ್ ಹಾಕಿ ಸ್ಲೈಡ್ ತೋರ್ಸೋದಂತೆ. ನಂಗ್ಯಾಕೋ ಮಧ್ಯಾಹ್ನದ ಮೇಲೆ ಎಲ್ರೂ ತೂಕಡಿಸ್ತಾರೆ ಅನ್ಸ್ತಿದೆ. ಇಂಥದ್ದು ನಡೆಸಿರೋರು, ಇಲ್ಲಾ ಹೋಗಿ ಬೇಜಾರಾಗಿ ವಾಪಸ್ ಬಂದಿರೋರು, ಇಬ್ರೂ ಹೇಳಿ. ಯಾವ್ದು ಇರ್ಲಿ, ಯಾವ್ದು ಬೇಡ?

ಕರಿಮಣ್ಣು
ಮೊದ್ಲ ಆ ಪ್ರೊಜೆಕ್ಟರ್ ಬಂದ್ ಮಾಡ್ರಿ. ತ್ವಾಟದ ಕೆಲಸ ಗ್ವಾಡಿ ಮ್ಯಾಲೆ ನೋಡಿ ಬರೂದಲ್ರಿ. ನನ್ನ ಕೇಳಿದ್ರ ಮುಂಜಾನಿ ಬಂದ ತಕ್ಷಣ ಎಲ್ಲಾರ ಕೈಗೂ ಮಣ್ಣ ಕೊಡ್ರಿ. ಮೂರು ಬಕೆಟ್ ಇಡ್ರಿ, ಒಂದರಾಗ ಜಿಗುಟು ಮಣ್ಣು ಚಲೋ ಹಸಿ ಇದ್ದದ್ದು, ಇನ್ನೊಂದರಾಗ ಅದೇ ಮಣ್ಣು ಹದಕ್ಕ ಬಂದದ್ದು, ಮೂರನೇದ್ರಾಗ ಉಸುಕು ಮಣ್ಣು. ಒಂದು ಮುಷ್ಟಿ ತಗೊಂಡು ಗಟ್ಟಿ ಒತ್ತಿ ಕೈ ಬಿಚ್ಚಬೇಕು, ಆಮ್ಯಾಲೆ ಹೆಬ್ಬಟ್ಟಿಲೆ ಹಗುರಕ ಚುಚ್ಚಬೇಕು. ಉಂಡಿ ಒಡದು ಪುಡಿ ಆಗಿ ಬಿತ್ತಪ ಅಂದ್ರ ಅಗೀಲಿಕ್ಕೆ ಅಡ್ಡಿ ಇಲ್ಲ. ಬಟ್ಟಿನ ಗುರುತು ಬಿದ್ದು ಮಿರಿಮಿರಿ ಹೊಳಕೋತ ಹಂಗ ಕುಂತ್ರ ಸಲಿಕಿ ಒಳಗ ಇಡ್ರಿ, ಇನ್ನೂ ನಾಕ ದಿನ ಬಿಸಿಲು ಬೀಳ್ಲಿ.

ಇದನ್ನ ಯಾಕ ಮೊದಲ ಹೇಳಾಕತ್ತೀನಿ ಅಂದ್ರ ಹೊಸಾ ಮಂದಿ ಬಿಸಿಲು ಕಂಡ ಕೂಡ್ಲೇ ಹುರುಪಿಲೆ ಹಸಿ ಮಣ್ಣು ಅಗದು ಕೆಡಸ್ತಾರ. ಜಿಗುಟು ಮಣ್ಣ ಹಸಿ ಇದ್ದಾಗ ಅಗದ್ರ, ಅದರ ಮ್ಯಾಲೆ ಅಡ್ಡಾಡಿದ್ರ, ಒಳಗಿನ ಗಾಳಿ ಜಾಗ ಎಲ್ಲಾ ಮುಚ್ಚಿ ಹೋಗ್ತಾವ, ಒಣಗಿದ ಮ್ಯಾಲೆ ಹೆಂಟಿ ಹೆಂಟಿ ಬಿದ್ದು ಬೇರು ಇಳಿಯಂಗಿಲ್ಲ, ಆ ಹೆಂಟಿ ಮತ್ತ ಹದಕ್ಕ ಬರಬೇಕಂದ್ರ ಒಂದು ಹಂಗಾಮ ಪೂರ್ತಿ ಬೇಕು, ಒಮ್ಮೊಮ್ಮೆ ಅದೂ ಸಾಲಂಗಿಲ್ಲ. ಅವತ್ತ ಬಾಕಿ ಏನೂ ತಿಳೀಲಿಲ್ಲ ಅಂದ್ರೂ ಇಷ್ಟು ಕೈಗೆ ತಿಳದ್ರ ಸಾಕ್ರಿ.

ಬೀಜಪೆಟ್ಟಿಗೆ
ಕರಿಮಣ್ಣು ಅವರ ಮಾತಿಗೆ ನಂದೂ ಒಂದು ವೋಟು. ಎರಡನೇ ಟೇಬಲ್ ಬೀಜಕ್ಕೆ ಇಡಿ. ಹಳೇ ಪ್ಯಾಕೆಟ್ ಎಸೀಬೇಕೋ ಇಟ್ಕೋಬೇಕೋ ಅನ್ನೋ ಪ್ರಶ್ನೆ ಎಲ್ಲರ ಮನೇಲೂ ಇರತ್ತೆ. ಪೇಪರ್ ಟವೆಲ್ ಒದ್ದೆ ಮಾಡಿ ಹಿಂಡಿ, ಹತ್ತು ಬೀಜ ಸಾಲಾಗಿಟ್ಟು ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬೆಚ್ಚಗಿರೋ ಕಡೆ, 20ರಿಂದ 25 ಡಿಗ್ರಿ ಇದ್ರೆ ಚೆನ್ನ, ಇಟ್ರೆ ಆಯ್ತು. ಹತ್ತರಲ್ಲಿ ಏಳು ಮೊಳೆತ್ರೆ 70 ಪರ್ಸೆಂಟು, ಸ್ವಲ್ಪ ಒತ್ತಾಗಿ ಬಿತ್ತಿದ್ರೆ ಸಾಕು. ಮೂರೋ ನಾಲ್ಕೋ ಬಂತು ಅಂದ್ರೆ ಹೊಸ ಪ್ಯಾಕೆಟ್ ತಗೊಳೋದೇ ವಾಸಿ.

ಆದ್ರೆ ಇಲ್ಲೊಂದು ತೊಡಕಿದೆ, ಇದು ಒಂದೇ ದಿನದಲ್ಲಿ ಕಾಣಿಸೋ ಕೆಲಸ ಅಲ್ಲ. ಟೊಮ್ಯಾಟೊಗೆ ವಾರ ಬೇಕು, ಮೆಣಸಿನ ಜಾತಿ ಎರಡು ವಾರನೂ ತಗೊಳತ್ತೆ. ಅದಕ್ಕೆ ನೀವು ವಾರದ ಮುಂಚೆನೇ ನಾಕೈದು ಸುರುಳಿ ಮಾಡಿಟ್ಟಿರಿ, ಹೊಸ ಬೀಜದ್ದೊಂದು, ಹಳೇದೊಂದು. ಬಂದವ್ರು ಬಿಚ್ಚಿ ಅವ್ರೇ ಎಣಿಸ್ಲಿ. ಆಮೇಲೆ ಒಬ್ಬೊಬ್ರೂ ತಮ್ಮದೊಂದು ಸುರುಳಿ ಮಾಡಿ, ಮೇಲೆ ತಾರೀಖು ಬರೆದು ಮನೆಗೆ ಒಯ್ಯಲಿ. ಹಳೇ ಬೀಜದಲ್ಲಿ ಈರುಳ್ಳಿ ಒಂದು ಇಟ್ಟಿರಿ, ಅದು ಒಂದೆರಡು ವರ್ಷಕ್ಕೇ ದಮ್ಮು ಕಳ್ಕೊಳತ್ತೆ, ಪಕ್ಕದಲ್ಲಿ ಅಷ್ಟೇ ಹಳೇ ಟೊಮ್ಯಾಟೊ ಇಟ್ರೆ ಅದು ಮೊಳೆತು ನಿಂತಿರತ್ತೆ. ಒಣಗಿರೋ ತಂಪು ಜಾಗದಲ್ಲಿ ಇಟ್ರೆ ಟೊಮ್ಯಾಟೊ, ಸೌತೆ ನಾಲ್ಕೈದು ವರ್ಷ ಬರತ್ತೆ. ಎರಡು ಸುರುಳಿ ಅಕ್ಕಪಕ್ಕ ಬಿಚ್ಚಿ ತೋರ್ಸಿದ್ರೆ ಬಾಯಲ್ಲಿ ಹೇಳೋದೇ ಬೇಕಾಗಲ್ಲ.

ಬಾಲ್ಕನಿಯವಳು
ನಾನು ಹೊಸಬಳು, ಇಂಥ ಕಾರ್ಯಕ್ರಮಕ್ಕೆ ಬರೋ ಜಾತಿಯವಳೇ ಅನ್ಕೊಳಿ 🙂 ನಂಗೆ ಬೇಕಾಗಿರೋದು ಒಂದೇ, ಯಾವ ತಾರೀಖಿಗೆ ಏನ್ ಬಿತ್ಬೇಕು ಅಂತ ಒಂದು ಚಾರ್ಟು. ಫ್ರಿಜ್ ಮೇಲೆ ಅಂಟಿಸ್ಕೊಳೋ ಹಂಗಿದ್ರೆ ಇನ್ನೂ ಒಳ್ಳೇದು. ಅದು ಕೊಡಲ್ವಾ?

ಬೀಜಪೆಟ್ಟಿಗೆ
ಚಾರ್ಟ್ ಕೊಡಬೋದು ಮೇಡಂ, ಆದ್ರೆ ತಾರೀಖು ಹಾಕಿ ಕೊಟ್ರೆ ಅದು ಸುಳ್ಳಾಗತ್ತೆ. ಫ್ರಾಸ್ಟ್ (ರಾತ್ರಿ ಚಳಿಗೆ ಇಬ್ಬನಿ ಹೆಪ್ಪುಗಟ್ಟೋದು) ಬೀಳೋ ಕಡೆ ಆದ್ರೆ ಕೊನೇ ಫ್ರಾಸ್ಟ್ ಯಾವಾಗ ಅನ್ನೋದ್ರಿಂದ ಹಿಂದಕ್ಕೆ ಎಣಿಸ್ಬೇಕು: ಟೊಮ್ಯಾಟೊ ಸಸಿಗೆ ಅದಕ್ಕಿಂತ 6ರಿಂದ 8 ವಾರ ಮುಂಚೆ ಒಳಗಡೆ ಬಿತ್ತೋದು, ದಪ್ಪ ಮೆಣಸಿಗೆ 8ರಿಂದ 10 ವಾರ. ಆ ಕೊನೇ ಫ್ರಾಸ್ಟಿನ ತಾರೀಖು ಅಂತ ಕೊಡ್ತಾರಲ್ಲ, ಅದು ಹಳೇ ವರ್ಷಗಳದ್ದೆಲ್ಲಾ ಸೇರಿಸಿ ತೆಗೆದಿರೋ ಸರಾಸರಿ ಅಷ್ಟೆ. ಅದಾದ್ಮೇಲೂ ಒಂದ್ಸಲ ಬಿದ್ದು ಸಸಿ ಸುಡೋ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ಇರತ್ತೆ. ಅದನ್ನ ಯಾರೂ ಬಿಡಿಸಿ ಹೇಳಲ್ಲ, ಜನ ಗ್ಯಾರಂಟಿ ಅನ್ಕೊಂಡ್ಬಿಡ್ತಾರೆ.

ಕರಿಮಣ್ಣು
ತಾರೀಖಿಗಿಂತ ಥರ್ಮಾಮೀಟರ್ ಚಲೋ ರೀ ಅಕ್ಕಾರ. ಮಣ್ಣಾಗ ಚುಚ್ಚೂದು ಸಿಗ್ತೈತಿ. 10 ಸೆಂಟಿಮೀಟರ್ ಒಳಗಿಟ್ಟು ಮುಂಜಾನಿ ನೋಡ್ರಿ, ನಾಕೈದು ದಿನ ಒಂದೇ ಸಮ ಬರಬೇಕು, ಒಂದಿನದ್ದು ನಂಬಬ್ಯಾಡ್ರಿ. ಬಟಾಣಿ, ಪಾಲಕ್ಕು 5 ಡಿಗ್ರಿ ದಾಟಿದ್ರ ಮೊಳಕಿ ಒಡೀತಾವ, ತಡ ಮಾಡ್ತಾವ ಅಷ್ಟ. ಹುರುಳಿಕಾಯಿ 15 ಆದ್ರ ಹಾಕ್ರಿ, ಅದಕ್ಕಿಂತ ತಣ್ಣಗಿದ್ರ ಬೀಜ ಮಣ್ಣಾಗ ಕೊಳೀತೈತಿ. ಸೌತಿ, ಕುಂಬಳ 18ರ ಮ್ಯಾಲೆ. ಅವತ್ತ ಬಿಸಿಲಿನ ಮಡಿಗೊಂದು ನೆಳ್ಳಿನ ಮಡಿಗೊಂದು ಥರ್ಮಾಮೀಟರ್ ಚುಚ್ಚಿ ಇಡ್ರಿ, ಒಂದೇ ತ್ವಾಟದಾಗ ಫರಕು ಎಷ್ಟೈತಿ ಅಂತ ಮಂದೀನ ಓದ್ಲಿ.

ಬಾಲ್ಕನಿಯವಳು
ಓಹ್. ಹಾಗಿದ್ರೆ ಚಾರ್ಟಲ್ಲಿ ತಾರೀಖಿನ ಕಾಲಂ ಖಾಲಿ ಬಿಟ್ಟು ಡಿಗ್ರಿ ಮಾತ್ರ ಹಾಕಿ, ತಾರೀಖು ನಾವೇ ತುಂಬ್ಕೋತೀವಿ. ಫ್ರಾಸ್ಟೇ ಬೀಳದ ಕಡೆ ಇರೋರಿಗೂ ಅದೇ ಚಾರ್ಟ್ ಆಗತ್ತಲ್ವಾ.

ಹಸಿರುಗೈ
ಇದು ಸೂಪರ್ ಐಡಿಯಾ, ಬರ್ಕೊಂಡೆ.

ಮನೆಮದ್ದು
ನನ್ನ ಸಲಹೆ, ಮನೇಲೇ ಸಿಗೋ ಟಿಪ್ಸ್ ಅಂತ ಒಂದು ಸೆಷನ್ ಇಡಿ, ಜನಕ್ಕೆ ಅದೇ ಇಷ್ಟ. ಟೊಮ್ಯಾಟೊ ಬುಡಕ್ಕೆ ಎಪ್ಸಮ್ ಸಾಲ್ಟು, ಬಸವನ ಹುಳುಗೆ ಮೊಟ್ಟೆ ಚಿಪ್ಪು, ಕುಂಡದ ತಳಕ್ಕೆ ಜಲ್ಲಿ, ಹಿಂಗೆ. ಖರ್ಚಿಲ್ಲ, ಎಲ್ರಿಗೂ ಮಾಡೋಕ್ ಬರತ್ತೆ. ನಾನ್ ವರ್ಷಗಟ್ಲೆ ಇಂದ ಮಾಡ್ತಿದೀನಿ.

ಎರೆಹುಳ
ಅಣ್ಣ ಬೇಜಾರ್ ಮಾಡ್ಕೋಬೇಡಿ, ಆ ಮೂರನ್ನೂ ಹೇಳ್ಕೊಡ್ಬಾರ್ದು ಅಂತಾನೇ ಒಂದು ಸೆಷನ್ ಇಡ್ಬೇಕು ಅಂತೀನಿ ನಾನು.

ಕುಂಡದ ತಳಕ್ಕೆ ಜಲ್ಲಿ ಹಾಕಿದ್ರೆ ನೀರು ಬೇಗ ಇಳಿಯತ್ತೆ ಅನ್ನೋದು ಉಲ್ಟಾ. ಮೇಲಿರೋ ಸಣ್ಣ ಕಣದ ಮಣ್ಣು ಪೂರ್ತಿ ನೆನೆದು ತುಂಬೋವರೆಗೂ ನೀರನ್ನ ಕೆಳಗಿನ ದೊಡ್ಡ ಸಂದಿಗೆ ಬಿಟ್ಟುಕೊಡಲ್ಲ, ಅಂದ್ರೆ ತಳದಲ್ಲಿ ನಿಲ್ತಿದ್ದ ಒದ್ದೆ ಪದರ ಈಗ ಜಲ್ಲಿ ಮೇಲೆ ನಿಲ್ಲತ್ತೆ, ಬೇರಿಗೆ ಇನ್ನೂ ಹತ್ರ ಆಯ್ತು. ತೂತು ಸರಿಯಾಗಿದ್ರೆ ಸಾಕು. ಎಪ್ಸಮ್ ಸಾಲ್ಟ್ ಅಂದ್ರೆ ಮೆಗ್ನೀಸಿಯಂ ಸಲ್ಫೇಟು. ಟೊಮ್ಯಾಟೊ ತಳ ಕಪ್ಪಾಗಿ ಕೊಳೆಯೋದು ಹಣ್ಣಿಗೆ ಕ್ಯಾಲ್ಸಿಯಂ ಮುಟ್ಟದೇ ಇರೋದ್ರಿಂದ, ಬಹಳ ಸಲ ಒಂದಿನ ನೀರು ಸುರಿದು ನಾಕ್ ದಿನ ಮರೆತ್ರೆ ಆಗೋದು ಅದು. ಅದಕ್ಕೆ ಮೆಗ್ನೀಸಿಯಂ ಸುರಿದ್ರೆ ಅದು ಬೇರಿನ ಹತ್ರ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ಬಿದ್ದು ಇನ್ನೂ ಕೆಡಬೋದು. ಮೊಟ್ಟೆ ಚಿಪ್ಪಿನ ವಿಷಯ, ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವ್ರು ಲೆಟ್ಯೂಸ್ ಸುತ್ತ ಮೊಟ್ಟೆ ಚಿಪ್ಪು, ತಾಮ್ರದ ಟೇಪು, ಉಣ್ಣೆ ಉಂಡೆ ಎಲ್ಲಾ ಹಾಕಿ ನೋಡಿ 2018ರಲ್ಲಿ ಹೇಳಿದ್ರು, ಹಾಕಿದ್ದಕ್ಕೂ ಹಾಕದೇ ಇದ್ದಿದ್ದಕ್ಕೂ ಹುಳು ತಿಂದಿದ್ರಲ್ಲಿ ಹೇಳ್ಕೊಳೋ ಅಂಥ ವ್ಯತ್ಯಾಸ ಇಲ್ಲ ಅಂತ.

ಮನೆಮದ್ದು
ಅಲ್ಲಪ್ಪ, ನನ್ನ ಗಿಡ ಚೆನ್ನಾಗೇ ಬರ್ತಿದಾವಲ್ಲ?

ಎರೆಹುಳ
ನೀವು ದಿನಾ ನೀರು ಹಾಕಿ ನೋಡ್ಕೋತೀರ ಅಣ್ಣ, ಅದಕ್ಕೆ. ಒಂದು ಸಾಲಿಗೆ ಹಾಕಿ ಪಕ್ಕದ ಸಾಲಿಗೆ ಹಾಕ್ದೆ ಒಂದ್ಸಲ ನೋಡಿ. ಬೇಕಿದ್ರೆ ಇದನ್ನೇ ಕಲಿಕೆ ದಿನದ ಪ್ರಯೋಗ ಮಾಡೋಣ, ಎರಡು ಮಡಿ, ಬೋರ್ಡು ನಿಮ್ಮ ಹೆಸರಲ್ಲೇ.

ಮನೆಮದ್ದು
ಆಯ್ತು, ಬೋರ್ಡ್ ದೊಡ್ಡದಾಗಿರ್ಲಿ 😄

ಗೊಬ್ಬರಗುಂಡಿ
ಕಾಂಪೋಸ್ಟ್ ಬಗ್ಗೆ ಯಾರೂ ಮಾತೇ ಎತ್ತಿಲ್ಲ ಅಂತ ಬಂದೆ. ಇಂಗಾಲ ಸಾರಜನಕ 30ಕ್ಕೆ 1 ಅಂತ ಸ್ಲೈಡಲ್ಲಿ ಬರೆದ್ರೆ ಒಬ್ರಿಗೂ ತಲೆಗೆ ಹೋಗಲ್ಲ. ಒಣ ಎಲೆ ಒಂದ್ ರಾಶಿ, ಹಸಿ ಹುಲ್ಲು ಮತ್ತೆ ತರಕಾರಿ ಸಿಪ್ಪೆ ಒಂದ್ ರಾಶಿ ಇಟ್ಟು, ಗಾತ್ರದ ಲೆಕ್ಕದಲ್ಲಿ ಒಣದ್ದು ಎರಡು ಮೂರು ಬುಟ್ಟಿಗೆ ಹಸಿದು ಒಂದು ಬುಟ್ಟಿ ಹಾಕಿಸಿ, ನೀರು ಹಾಕಿಸಿ. ಹಿಂಡಿದ ಸ್ಪಂಜಿನಷ್ಟು ಒದ್ದೆ ಇರ್ಬೇಕು. ರಾಶಿ ಉದ್ದ ಅಗಲ ಎತ್ತರ ಒಂದೊಂದು ಮೀಟರ್ ಇಲ್ದಿದ್ರೆ ಕಾವು ಹಿಡಿಯಲ್ಲ, ಇದು ಗೊತ್ತಿಲ್ದೆ ಚಿಕ್ಕ ಡಬ್ಬಿಲಿ ಹಾಕಿ ಬಿಸಿನೇ ಆಗ್ತಿಲ್ಲ ಅಂತ ಕೇಳೋರು ಜಾಸ್ತಿ. ಚೆನ್ನಾಗಿ ಕೂಡಿದ ರಾಶಿ ಒಳಗೆ 55ರಿಂದ 65 ಡಿಗ್ರಿ ಬರತ್ತೆ, ಕಳೆ ಬೀಜ, ರೋಗ ಸಾಯೋಕೆ ಅದು ಬೇಕು. ಮುಂಚೆನೇ ಒಂದು ರಾಶಿ ಹಾಕಿಟ್ಟಿದ್ರೆ ಅವತ್ತು ಕೋಲು ಥರ್ಮಾಮೀಟರ್ ಚುಚ್ಚಿ ತೋರಿಸ್ಬೋದು, ಚಳಿಲಿ ಅದ್ರಿಂದ ಹಬೆ ಏಳೋದು ನೋಡಿದ್ರೆ ಮಕ್ಕಳೂ ಬಿಟ್ಟು ಕದಲಲ್ಲ.

ಇನ್ನೊಂದು ಮುಖ್ಯ ವಿಷಯ. ಹೊರಗಿಂದ ಸಗಣಿ ಗೊಬ್ಬರ, ಒಣಹುಲ್ಲು ಲೋಡ್ ತರಿಸೋ ತೋಟಗಳು ಇದನ್ನ ಕೇಳಿಸ್ಕೊಳ್ಳಿ. ಹುಲ್ಲುಗಾವಲಿಗೆ ಹೊಡೆಯೋ ಕೆಲವು ಕಳೆನಾಶಕ, ಅಮಿನೋಪೈರಾಲಿಡ್, ಕ್ಲೋಪೈರಾಲಿಡ್ ಅಂತ, ಹುಲ್ಲಿಗೇನೂ ಮಾಡಲ್ಲ, ಅಗಲ ಎಲೆ ಗಿಡಗಳನ್ನ ಕೊಲ್ಲತ್ತೆ. ಆ ಹುಲ್ಲು ತಿಂದ ಪ್ರಾಣಿಯ ಹೊಟ್ಟೆ ದಾಟಿ ಸಗಣಿಲೂ ಹಾಗೇ ಬರತ್ತೆ, ಕಾಂಪೋಸ್ಟ್ ಮಾಡಿದ್ರೂ ಬೇಗ ಹೋಗಲ್ಲ. ನಮಗೆ ಗೊತ್ತಿರೋ ಒಂದು ತೋಟಕ್ಕೆ ಯಾರೋ ಪುಕ್ಕಟೆ ಅಂತ ಒಂದು ಲೋಡ್ ಇಳಿಸಿ ಹೋದ್ರು, ಎಲ್ರೂ ಖುಷಿಯಾಗಿ ಹರಡಿದ್ರು, ಆಮೇಲೆ ಟೊಮ್ಯಾಟೊ ಚಿಗುರೆಲ್ಲಾ ಸುರುಳಿ ಸುತ್ಕೊಂಡು, ಹುರುಳಿಕಾಯಿ ಎಲೆ ಬಟ್ಟಲ ಥರ ಮುದುಡಿ, ಆ ಮಡಿಗಳಲ್ಲಿ ಆ ವರ್ಷ ಏನೂ ಬರ್ಲಿಲ್ಲ.

ಪರೀಕ್ಷೆ ಸುಲಭ, ಅದಕ್ಕೇ ಕಲಿಕೆ ದಿನಕ್ಕೆ ಹೇಳಿ ಮಾಡಿಸಿದ್ದು. ಆ ಗೊಬ್ಬರನ ಒಳ್ಳೇ ಮಣ್ಣಿಗೆ ಬೆರೆಸಿ ಮೂರು ಕುಂಡ, ಬರೀ ಒಳ್ಳೇ ಮಣ್ಣಿಂದು ಮೂರು ಕುಂಡ, ಎಲ್ಲಕ್ಕೂ ಹುರುಳಿಕಾಯಿ ಇಲ್ಲಾ ಬಟಾಣಿ ಬೀಜ ಹಾಕಿ. ಒಂದರ ನೀರು ಹರಿದು ಇನ್ನೊಂದಕ್ಕೆ ಹೋಗದ ಹಾಗೆ ಬೇರೆ ಬೇರೆ ತಟ್ಟೆ. ಎರಡು ಮೂರು ವಾರದಲ್ಲಿ ಮೊದ್ಲು ಬರೋ ಬೀಜದೆಲೆ ಬಿಟ್ಟು ನಿಜವಾದ ಎಲೆ ಮೂರು ಜೊತೆ ಬಂದಾಗ ಮುದುಡಿದೆಯಾ ನೋಡಿ. ಮುದುಡಿದ್ರೆ ಆ ಲೋಡು ತರಕಾರಿ ಮಡಿ ಹತ್ರಕ್ಕೂ ತರ್ಬೇಡಿ. ವಸಂತಕ್ಕೆ ಮುಂಚೆ ಶುರು ಮಾಡಿದ್ರೆ ಮಾತ್ರ ಉತ್ತರ ಟೈಮಿಗೆ ಸಿಗತ್ತೆ.

ಹಸಿರುಗೈ
ಸರ್ ಇದು ನಂಗೆ ಗೊತ್ತೇ ಇರ್ಲಿಲ್ಲ. ನಮ್ ತೋಟದ ಗೇಟ್ ಹತ್ರ ಈಗ್ಲೇ ಒಂದು ರಾಶಿ ಬಿದ್ದಿದೆ, ಎಲ್ಲಿಂದ ಬಂತು ಅಂತ ಕೇಳ್ತೀನಿ. ಕುಂಡ ಇವತ್ತೇ ಹಾಕ್ತೀನಿ.

ಸಾಣೆಕಲ್ಲು
ಟೂಲ್ಸ್ ಟೇಬಲ್ ಮರೀಬೇಡ್ರಪ್ಪ. ಎಲ್ರೂ ತಮ್ ತಮ್ ಕತ್ತರಿ, ಗುದ್ದಲಿ ತರ್ಲಿ, ಒರೆಸಿ, ಅರ ಹಿಡಿದು, ಎಣ್ಣೆ ಹಚ್ಕೊಂಡು ಹೋಗ್ಲಿ. ಕತ್ತರಿಗೆ ಈಗಾಗ್ಲೇ ಇರೋ ಇಳಿಜಾರನ್ನೇ ಹಿಡ್ಕೊಂಡು ಒಂದೇ ದಿಕ್ಕಿಗೆ ಎಳೀಬೇಕು, ಹೊಸ ಕೋನ ಮಾಡೋಕ್ ಹೋಗ್ಬಾರ್ದು. ಚಪ್ಪಟೆ ಕಡೆ ಬರೀ ಬರ್ (ಅರ ಹಿಡಿದಾಗ ಅಂಚಲ್ಲಿ ಏಳೋ ಸಣ್ಣ ಮುಳ್ಳು) ತೆಗೆಯೋವಷ್ಟು ಒಂದ್ ಸಲ ಸವರಿದ್ರೆ ಮುಗೀತು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ 70 ಪರ್ಸೆಂಟ್ ಆಲ್ಕೋಹಾಲಲ್ಲಿ ಒರೆಸಿ.

ಎಚ್ಚರಿಕೆ: ಮರದ ಹಿಡಿಗೆ ಅಗಸೆ ಎಣ್ಣೆ ಹಚ್ತೀರಲ್ಲ, ಆ ಬಟ್ಟೆನ ಮುದ್ದೆ ಮಾಡಿ ಡಸ್ಟ್‌ಬಿನ್ನಿಗೆ ಹಾಕ್ಬೇಡಿ. ಆ ಎಣ್ಣೆ ಗಾಳಿ ಜೊತೆ ಸೇರಿ ಒಣಗುವಾಗ ಬಿಸಿ ಹುಟ್ಟತ್ತೆ, ಮುದ್ದೆ ಒಳಗೆ ಆ ಬಿಸಿ ಹೊರಗೆ ಹೋಗೋಕೆ ದಾರಿ ಇರಲ್ಲ, ಬೆಂಕಿ ಕಡ್ಡಿ ಇಲ್ದೇನೇ ಹೊತ್ಕೊಳತ್ತೆ. ಹೊರಗಡೆ ಬಿಡಿಸಿ ಹರಡಿ ಗಟ್ಟಿಯಾಗೋವರೆಗೂ ಒಣಗಿಸಿ, ಇಲ್ಲಾ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ. ಮೂವತ್ತು ಜನ ಎಣ್ಣೆ ಹಚ್ಚಿದ್ರೆ ಮೂವತ್ತು ಬಟ್ಟೆ, ಸಂಜೆ ಶೆಡ್ಡಲ್ಲಿ ಗುಡ್ಡೆ ಹಾಕಿ ಬೀಗ ಹಾಕ್ಕೊಂಡು ಹೋಗ್ಬಿಡ್ತಾರೆ, ಅದಕ್ಕೇ ಇಷ್ಟುದ್ದ ಬರೆದೆ.

ಬಾಲ್ಕನಿಯವಳು
ಅಯ್ಯೋ ದೇವ್ರೆ, ಇದು ನಿಜಾನಾ?

ಸಾಣೆಕಲ್ಲು
ನಿಜ ಮೇಡಂ, ಬಡಗಿ ಕೆಲಸ ಮಾಡೋ ಯಾರನ್ನಾದ್ರೂ ಕೇಳಿ.

ಒಣಕಡ್ಡಿ
ವಸಂತಕ್ಕೆ ರೆಡಿ ಅಂದ್ರೆ ಎಲ್ರೂ ಮೊದ್ಲು ಮಾಡೋ ಕೆಲಸ ಕ್ಲೀನಿಂಗು. ಕಲಿಕೆ ದಿನ ಅಂತ ಮೂವತ್ತು ಜನ ಸೇರಿಸಿ ತೋಟ ಪೂರ್ತಿ ಬೋಳಿಸಿ ಬಿಡ್ಬೇಡಿ ಮಾರಾಯ್ರೆ. ಒಣಗಿದ ಟೊಳ್ಳು ಕಾಂಡಗಳ ಒಳಗೆ ಒಂಟಿ ಜೇನುಗಳು ಮರಿ ಇಟ್ಟಿರ್ತವೆ, ಎಲೆ ರಾಶಿ ಕೆಳಗೆ ಚಿಟ್ಟೆ ಕೋಶ ಇರ್ತದೆ. ಹಗಲಿನ ಬಿಸಿ 10 ಡಿಗ್ರಿ ಮೇಲೆ ಸ್ವಲ್ಪ ದಿನ ನಿಂತ ಮೇಲೆ ತೆಗೆಯಿರಿ. ತೆಗೆಯಲೇಬೇಕು ಅಂದ್ರೆ ಬುಡದಿಂದ ಒಂದಡಿ ಬಿಟ್ಟು ಕತ್ತರಿಸಿ, ಕತ್ತರಿಸಿದ್ದನ್ನ ಸುಡದೆ ಒಂದು ಮೂಲೆಯಲ್ಲಿ ಸಡಿಲವಾಗಿ ಒಟ್ಟಿಡಿ.

ಗೊಬ್ಬರಗುಂಡಿ
ಹೂವಿನ ಮಡಿಗೆ ಒಪ್ಪಿದೆ. ತರಕಾರಿ ಮಡಿಗೆ ಒಪ್ಪಲ್ಲ. ಟೊಮ್ಯಾಟೊಗೆ ಎಲೆಚುಕ್ಕಿ ರೋಗ ಬಂದಿದ್ರೆ ಆ ಒಣಗಿದ ಗಿಡದಲ್ಲೇ ರೋಗ ಚಳಿಗಾಲ ಕಳೆದು ವಾಪಸ್ ಬರತ್ತೆ, ಅದು ಮೊದ್ಲು ಹೊರಗೆ ಹೋಗ್ಬೇಕು.

ಒಣಕಡ್ಡಿ
ಹೌದು ಅದು ಬೇರೆ. ರೋಗದ್ದು ತೆಗೆಯಿರಿ, ನಾನು ಹೇಳಿದ್ದು ಚಂದ ಕಾಣ್ಲಿ ಅಂತ ಬೋಳಿಸೋದರ ಬಗ್ಗೆ. ಪ್ರೂನಿಂಗಿಗೂ ಇದೇ ಮಾತು, ಕತ್ತರಿ ಹರಿತ ಆದ ಕೂಡ್ಲೇ ಸಿಕ್ಕಿದ್ದೆಲ್ಲಾ ಕತ್ತರಿಸೋ ಆಸೆ ಬರ್ತದೆ. ವಸಂತದ ಶುರುವಿನಲ್ಲೇ ಹೂ ಬಿಡೋ ಪೊದೆಗಳು, ಲೈಲ್ಯಾಕ್, ಫೋರ್ಸಿಥಿಯಾ ಥರದ್ದು, ಮೊಗ್ಗು ಹಿಂದಿನ ವರ್ಷವೇ ಕಟ್ಟಿಕೊಂಡಿರ್ತವೆ, ಈಗ ಕತ್ತರಿಸಿದ್ರೆ ಈ ವರ್ಷದ ಹೂ ಕೈಯ್ಯಾರೆ ಕತ್ತರಿಸಿದ ಹಾಗೆ, ಹೂ ಮುಗಿದ ಮೇಲೆ ಮಾಡಿ. ಸೇಬು, ಪಿಯರ್, ದ್ರಾಕ್ಷಿ ಎಲೆ ಇಲ್ಲದಾಗ ಆಗ್ತದೆ. ಪ್ಲಮ್, ಚೆರ್ರಿ ಚಳಿಯಲ್ಲಿ ಬೇಡ, ಗಾಯದಿಂದ ರೋಗ ಒಳಗೆ ಹೊಗ್ತದೆ, ಬೇಸಿಗೆಯ ಒಣ ದಿನ ನೋಡಿ ಮಾಡಿ.

ಹಸಿರುಗೈ
ಪ್ರೂನಿಂಗ್ ಒಂದೇ ದಿನದಲ್ಲಿ ಆಗೋ ವಿಷಯ ಅಲ್ಲ ಅನ್ಸ್ತಿದೆ. ಕೈಬಿಡ್ತೀನಿ. ಮಣ್ಣು ಪರೀಕ್ಷೆ ಲ್ಯಾಬಿಗೆ ಕಳ್ಸೋದು?

ಎರೆಹುಳ
ಕಳಿಸಿ, ಆದ್ರೆ ಈಗ್ಲೇ. ವರದಿ ಬಂದು ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಕಮ್ಮಿ ಇದೆ ಸುಣ್ಣ ಹಾಕಿ ಅಂದ್ರೆ ಅದು ಕೆಲಸ ಮಾಡೋಕೆ ತಿಂಗಳುಗಟ್ಲೆ ಬೇಕು. ಹೆಚ್ಚಿನ ತರಕಾರಿಗೆ 6ರಿಂದ 7ರ ಒಳಗೆ ಇದ್ರೆ ಸಾಕು. ಅವತ್ತು ಮಾದರಿ ತೆಗೆಯೋದು ಕಲಿಸಿ: ಮಡಿ ಒಳಗೆ ಎಂಟು ಹತ್ತು ಕಡೆ 15 ಸೆಂಟಿಮೀಟರ್ ಆಳದ ಮಣ್ಣು, ಪ್ಲಾಸ್ಟಿಕ್ ಬಕೆಟಲ್ಲಿ ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆಜಿ. ಸತುವಿನ ಲೇಪದ ಬಕೆಟ್ ಬೇಡ, ವರದಿಲಿ ಸತು ಜಾಸ್ತಿ ತೋರಿಸಿಬಿಡತ್ತೆ. ಜಾಗ ಮುಂಚೆ ಹಳೇ ಕಟ್ಟಡ ಇದ್ದಿದ್ದು, ಇಲ್ಲಾ ದೊಡ್ಡ ರಸ್ತೆ ಪಕ್ಕ ಅಂದ್ರೆ ಸೀಸದ ಪರೀಕ್ಷೆನೂ ಕೇಳಿ, ಹಳೇ ಪೇಂಟು, ಹಿಂದಿನ ಕಾಲದ ಪೆಟ್ರೋಲಿನ ಸೀಸ ಮಣ್ಣಲ್ಲೇ ಉಳ್ಕೊಂಡಿರತ್ತೆ. ಚಿಕ್ಕ ಮಕ್ಕಳು ಮಣ್ಣಾಡೋ ತೋಟ ಆದ್ರೆ ಇದನ್ನ ಬಿಡ್ಲೇಬಾರ್ದು.

ಮಂಡಿನೋವು
ಒಂದು ವಿನಂತಿ. ಇಂಥಾ ದಿನಗಳಿಗೆ ಬಂದ್ರೆ ನಮ್ಮಂಥ ವಯಸ್ಸಾದೋರು ಬೇಲಿ ಪಕ್ಕ ನಿಂತು ಚಪ್ಪಾಳೆ ತಟ್ಟೋದೇ ಆಗತ್ತೆ. ಕುರ್ಚಿ ಹಾಕಿ, ಟೇಬಲ್ ಎತ್ತರದಲ್ಲಿ ಕೆಲಸ ಇಡಿ. ಹೊಸ ಮಡಿ ಕಟ್ಟೋದಿದ್ರೆ ಅಗಲ 1.2 ಮೀಟರ್ ದಾಟಬಾರ್ದು, ಎರಡೂ ಕಡೆಯಿಂದ ಕೈ ನಡುವಿಗೆ ಎಟುಕ್ಬೇಕು, ಮಣ್ಣು ತುಳಿಯೋ ಪ್ರಮೇಯನೇ ಬರಲ್ಲ. ಒಂದೆರಡಾದ್ರೂ 60-70 ಸೆಂಟಿಮೀಟರ್ ಎತ್ತರದ್ದು ಇರ್ಲಿ, ದಾರಿ 90 ಸೆಂಟಿಮೀಟರ್ ಬಿಟ್ರೆ ವ್ಹೀಲ್‌ಚೇರ್ ಹೋಗತ್ತೆ. ಆಮೇಲೆ ಟಾಯ್ಲೆಟ್ ಎಲ್ಲಿದೆ ಅಂತ ಬೋರ್ಡು. ನಗ್ಬೇಡಿ, ಅದಿಲ್ಲದೆ ಅರ್ಧ ದಿನಕ್ಕೇ ಎದ್ದು ಬಂದಿದೀನಿ.

ಹಸಿರುಗೈ
ಬೀಜದ ಸುರುಳಿ, ಕುಂಡದ ಟೇಬಲ್ ಎರಡೂ ಕೂತು ಮಾಡೋ ಕೆಲಸ, ನಿಮಗೆ ಅದನ್ನೇ ನಡೆಸ್ಕೊಡೋಕೆ ಆಗತ್ತಾ ಸರ್?

ಮಂಡಿನೋವು
ಓ, ಆಗತ್ತೆ. ಸರ್ ಬೇಡ, ಮೇಡಂ ಅನ್ನಿ.

ಹಸಿರುಗೈ
ಸಾರಿ ಮೇಡಂ 🙏

ಬೀಜಪೆಟ್ಟಿಗೆ
ಬೀಜ ವಿನಿಮಯ ಇಡ್ತೀರ ಅಂದ್ರೆ ಒಂದ್ ಮಾತು. ಪ್ರತಿ ಪೊಟ್ಟಣದ ಮೇಲೆ ತಳಿ ಹೆಸರು, ವರ್ಷ, ಎಫ್1 (ಎರಡು ತಳಿ ಬೆರೆಸಿ ಮಾಡಿದ ಮೊದಲ ತಲೆಮಾರಿನ ಬೀಜ) ಹೌದೋ ಅಲ್ವೋ ಬರೆದಿದ್ರೆ ಮಾತ್ರ ಟೇಬಲ್ಲಿಗೆ. ಎಫ್1 ಗಿಡದ ಬೀಜ ಹಾಕಿದ್ರೆ ತಾಯಿ ಥರಾನೇ ಬರಲ್ಲ. ಟೊಮ್ಯಾಟೊ, ಹುರುಳಿಕಾಯಿ, ಬಟಾಣಿ, ಲೆಟ್ಯೂಸ್ ಹೆಚ್ಚಾಗಿ ತಮ್ಮ ಪರಾಗ ತಾವೇ ಮಾಡ್ಕೋತವೆ, ಅವನ್ನ ಕಣ್ಮುಚ್ಚಿ ತಗೋಬೋದು. ಮನೇಲಿ ಉಳಿಸಿದ ಕುಂಬಳ, ಜುಕಿನಿ ಬೀಜ ನಾನಾಗಿದ್ರೆ ಇಡೋಕೇ ಬಿಡಲ್ಲ. ಪಕ್ಕದಲ್ಲಿ ಅಲಂಕಾರದ ಕುಂಬಳ ಥರದ್ದು ಬೆಳೆದಿದ್ರೆ ಜೇನು ಪರಾಗ ಬೆರೆಸಿರತ್ತೆ, ಮುಂದಿನ ವರ್ಷದ ಕಾಯಿಲಿ ಕುಕುರ್ಬಿಟಾಸಿನ್ ಅನ್ನೋ ವಿಷದ ಅಂಶ ಬರಬೋದು, ಬೇಯಿಸಿದ್ರೂ ಹೋಗಲ್ಲ. ನಾಲಿಗೆಗೆ ಕಹಿ ತಾಗಿದ್ರೆ ಉಗಿದು ಎಸೀರಿ.

ಹಸಿರುಗೈ
ಸರಿ, ಕೊನೇದಾಗಿ ಒಂದು ಜಗಳ ಇದೆ. ಬಂದೋರಿಗೆಲ್ಲಾ ಹೋಗುವಾಗ ಎರಡೆರಡು ಟೊಮ್ಯಾಟೊ ಸಸಿ ಕೊಟ್ಟು ಕಳಿಸ್ಬೇಕು ಅಂತ ಕಮಿಟಿ ಹಠ ಹಿಡಿದಿದೆ, ಖಾಲಿ ಕೈಲಿ ಕಳಿಸಿದ್ರೆ ಚೆನ್ನಾಗಿರಲ್ಲ ಅಂತಾರೆ. ಏನ್ ಹೇಳ್ತೀರ?

ಕರಿಮಣ್ಣು
ಬ್ಯಾಡ್ರಿ. ಆ ಚಳ್ಯಾಗ ಒಯ್ದು ಹೊರಗ ಇಟ್ರ ರಾತ್ರ್ಯಾಗ ಸತ್ತು ಹೋಗ್ತಾವ, ಕಿಡಕಿ ಹತ್ರ ಇಟ್ರ ಬೆಳಕು ಸಾಲದ ಉದ್ದಕ ಬಡಕ ಆಗಿ ಬಾಗ್ತಾವ.

ಬೀಜಪೆಟ್ಟಿಗೆ
ನಂದೂ ಅದೇ. ಸಸಿಗೆ ದಿನಕ್ಕೆ 14ರಿಂದ 16 ಗಂಟೆ ಹತ್ತಿರದ ಲೈಟು ಬೇಕು, ಹೊಸಬರ ಮನೇಲಿ ಅದಿರಲ್ಲ. ನೀರು ಜಾಸ್ತಿ ಹಾಕಿದ್ರೆ ಮಣ್ಣಿನ ಮಟ್ಟದಲ್ಲಿ ಕಾಂಡ ನೂಲಿನಷ್ಟು ಸಣ್ಣಗಾಗಿ ಅಡ್ಡ ಬಿದ್ದುಹೋಗತ್ತೆ, ಆ ರೋಗ ಬಂದ್ಮೇಲೆ ಉಳಿಸೋಕಾಗಲ್ಲ. ಬದಲಿಗೆ ಬಟಾಣಿ ಬೀಜ ಒಂದು ಪೊಟ್ಟಣ ಕೊಡಿ, ತಣ್ಣನೆ ಮಣ್ಣಿಗೂ ಹೆದರಲ್ಲ. ಟೊಮ್ಯಾಟೊ ಸಸಿ ತೋಟದಲ್ಲೇ ಬೆಳೆಸಿ, ಆರೇಳು ವಾರ ಬಿಟ್ಟು ಅರ್ಧ ದಿನ ಮತ್ತೆ ಕರೀರಿ. ಮೊದಲ್ನೇ ದಿನ ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ, 7ರಿಂದ 10 ದಿನ ಹೊರಗಿನ ಗಾಳಿ ಬಿಸಿಲಿಗೆ ಒಗ್ಗಿಸೋದನ್ನ ಆಗ ಹೇಳ್ಕೊಟ್ಟು ಸಸಿ ಕೈಲಿಡಿ.

ಬಾಲ್ಕನಿಯವಳು
ಎರಡ್ನೇ ದಿನಕ್ಕೆ ನಾನ್ ಬರೋದು ಗ್ಯಾರಂಟಿ, ಸಸಿ ಸಿಗತ್ತೆ ಅಂದ್ರೆ ಯಾರ್ ತಪ್ಪಿಸ್ತಾರೆ.

ಹಸಿರುಗೈ
ಕಮಿಟಿಗೆ ಈ ಥ್ರೆಡ್ ಓದಿಸ್ದೆ. ಪ್ರೊಜೆಕ್ಟರ್ ಹೋಯ್ತು, ಸಸಿ ಎರಡ್ನೇ ದಿನಕ್ಕೆ ಹೋಯ್ತು. ಮಣ್ಣು, ಬೀಜ, ಕಾಂಪೋಸ್ಟು, ಟೂಲ್ಸ್ ನಾಲ್ಕೇ ಟೇಬಲ್, ಎಂಟೆಂಟು ಜನರ ಗುಂಪು, ಒಂದೊಂದಕ್ಕೆ ಮುಕ್ಕಾಲು ಗಂಟೆ, ಮಳೆ ಬಂದ್ರೆ ಶೆಡ್ಡಿನ ಮಾಡಿನ ಕೆಳಗೆ. ಮನೆಮದ್ದು ಅಣ್ಣನ ಎರಡು ಮಡಿಗೆ ಬೋರ್ಡ್ ಬರೆಸೋಕೆ ಕೊಟ್ಟಿದೀನಿ. ಗೇಟ್ ಹತ್ರದ ಗೊಬ್ಬರ ಎಲ್ಲಿಂದ ಬಂತು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ, ಕುಂಡದಲ್ಲಿ ಹುರುಳಿಕಾಯಿ ಬೀಜ ಹಾಕಿದೀನಿ, ರಾಶಿ ಮೇಲೆ ಟಾರ್ಪಾಲ್ ಮುಚ್ಚಿ ಮುಟ್ಟಬೇಡಿ ಅಂತ ಚೀಟಿ ಅಂಟಿಸಿದೀನಿ. ಕೋಲು ಥರ್ಮಾಮೀಟರ್ ಯಾರ ಹತ್ರನಾದ್ರೂ ಇದ್ರೆ ಒಂದಿನಕ್ಕೆ ಕೊಡ್ತೀರಾ?

ಗೊಬ್ಬರಗುಂಡಿ
ನನ್ನ ಹತ್ರ ಎರಡಿದೆ, ತರ್ತೀನಿ. ರಾಶಿ ಮಾತ್ರ ಎರಡು ವಾರ ಮುಂಚೆ ಒಟ್ಟಿರಿ, ಹಿಂದಿನ ದಿನ ಒಟ್ಟಿ ಯಾಕೆ ಬಿಸಿ ಆಗಿಲ್ಲ ಅಂತ ನನ್ನ ಕೇಳ್ಬೇಡಿ.